ಕುರ್ಚಿಯಲ್ಲಿ ಕೂತವರಿಗೂ ನಿಯಮವಿದೆ

ಪುಣೆಯಲ್ಲಿ ಕ್ರಿಕೆಟ್ ತಂಡ ಕಟ್ಟುವುದು ಸುಲಭ, ಮೈದಾನ ಸಿಗುವುದು ಕಷ್ಟ. ಅದಕ್ಕೇ ಇರಬೇಕು, ಹಿಂಜವಡಿ, ಬಾಣೇರ್ ಕಡೆಯ ಐಟಿ ಮಂದಿ ಶನಿವಾರ ಸಂಜೆಯಾದರೆ ಪೂಲ್ ಪಾರ್ಲರ್ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಗೆಳೆಯರ ಬಳಗ ಇಲ್ಲಿ ವರ್ಷಕ್ಕೊಮ್ಮೆ ತಂಡಗಳ ಪೂಲ್ ಪಂದ್ಯಾವಳಿ ನಡೆಸುತ್ತದೆ. ನಿಯಮಪಟ್ಟಿ ತಯಾರಿಸುವುದು, ಮೇಜಿನ ಪಕ್ಕ ಕೂತು ಸ್ಕೋರ್ ಬರೆಯುವುದು ನನ್ನ ಪಾಲಿನ ಕೆಲಸ. ನಿಮ್ಮ ಊರಿನ ಕನ್ನಡ ಸಂಘದಲ್ಲೋ ಆಫೀಸಿನಲ್ಲೋ ಇಂಥದ್ದೊಂದು ಪಂದ್ಯಾವಳಿ ಮಾಡುವ ಆಸೆ ಇದ್ದರೆ, ನಾವು ಕಂಡುಕೊಂಡದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಈ ಊರಿಗೂ ಕ್ಯೂ ಹಿಡಿದು ಆಡುವ ಆಟಗಳಿಗೂ ಹಳೆಯ ನಂಟಿದೆ. 1958ರಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪಟ್ಟ ಗೆದ್ದ ವಿಲ್ಸನ್ ಜೋನ್ಸ್ ಹುಟ್ಟಿದ್ದು ಪುಣೆಯಲ್ಲಿ. ನಮ್ಮ ಪಂಕಜ್ ಆಡ್ವಾಣಿ ಹುಟ್ಟಿದ್ದೂ ಇಲ್ಲೇ, ಆಟ ಕಲಿತದ್ದು ಬೆಂಗಳೂರಿನಲ್ಲಿ. ಅವರಿಬ್ಬರೂ ಆಡಿದ್ದು ಹನ್ನೆರಡು ಅಡಿಯ ದೊಡ್ಡ ಮೇಜಿನ ಮೇಲೆ. ನಾವು ಆಡುವ ಪೂಲ್ ಮೇಜು ಚಿಕ್ಕದು, ಆಟವೂ ಬೇಗ ಮುಗಿಯುತ್ತದೆ. ಜಗಳ ಮಾತ್ರ ಚಿಕ್ಕದಲ್ಲ.

ಎಲ್ಲರಿಗೂ ಒಂದೇ ನಿಯಮ

ಮೊದಲ ಜಗಳ ಬರುವುದೇ 'ನಮ್ಮ ಪಾರ್ಲರಿನಲ್ಲಿ ಹೀಗಲ್ಲ' ಎಂಬ ಮಾತಿನಿಂದ. ಒಂದು ಕಡೆ ಫೌಲ್ ಆದರೆ ಎದುರಾಳಿಗೆ ಎರಡು ಹೊಡೆತ, ಇನ್ನೊಂದು ಕಡೆ ಬಿಳಿ ಚೆಂಡನ್ನು ಬೇಕಾದಲ್ಲಿ ಇಡಬಹುದು. ಹಾಗಾಗಿ ವಿಶ್ವ ಪೂಲ್ ಸಂಸ್ಥೆಯ ಎಂಟು ಚೆಂಡಿನ ಆಟದ ನಿಯಮಗಳನ್ನೇ ನಾವು ಒಂದು ಹಾಳೆಗೆ ಇಳಿಸಿ, ವಾರ ಮೊದಲೇ ಎಲ್ಲ ಕ್ಯಾಪ್ಟನ್‌ಗಳಿಗೆ ಕಳಿಸುತ್ತೇವೆ.

ಸಾರ ಇಷ್ಟು. 1ರಿಂದ 7 ಒಂದೇ ಬಣ್ಣದ ಚೆಂಡುಗಳು, 9ರಿಂದ 15 ಪಟ್ಟೆಯವು, 8 ಕಪ್ಪು. ಬ್ರೇಕ್‌ನಲ್ಲಿ ಯಾವುದಾದರೂ ಚೆಂಡು ಪಾಕೆಟ್‌ಗೆ ಬೀಳಬೇಕು, ಇಲ್ಲವೇ ಕನಿಷ್ಠ ನಾಲ್ಕು ಚೆಂಡುಗಳು ಕುಷನ್‌ಗೆ ತಗಲಬೇಕು. ಬ್ರೇಕ್‌ನಲ್ಲಿ ಏನೇ ಬಿದ್ದರೂ ಯಾರದು ಯಾವ ಗುಂಪು ಎಂದು ಇನ್ನೂ ತೀರ್ಮಾನವಾಗಿಲ್ಲ. ಗುಂಪು ಖಚಿತವಾದ ಮೇಲೆ ಬಿಳಿ ಚೆಂಡು ಮೊದಲು ನಿಮ್ಮ ಗುಂಪಿನ ಚೆಂಡಿಗೇ ತಗಲಬೇಕು. ಆಮೇಲೆ ಒಂದು ಚೆಂಡು ಪಾಕೆಟ್‌ಗೆ ಬೀಳಬೇಕು ಅಥವಾ ಯಾವುದಾದರೂ ಚೆಂಡು ಕುಷನ್ ಮುಟ್ಟಬೇಕು. ಹೊಡೆಯುವಾಗ ಒಂದು ಪಾದವಾದರೂ ನೆಲದ ಮೇಲಿರಬೇಕು. ತಪ್ಪಿದರೆ ಎದುರಾಳಿಗೆ ಬಿಳಿ ಚೆಂಡು ಕೈಗೆ ಸಿಗುತ್ತದೆ. ನಿಮ್ಮ ಗುಂಪು ಮುಗಿಯುವ ಮೊದಲೇ ಕಪ್ಪು ಬಿದ್ದರೆ, ಹೇಳಿದ ಪಾಕೆಟ್ ಬಿಟ್ಟು ಬೇರೆಯದಕ್ಕೆ ಬಿದ್ದರೆ, ಕಪ್ಪಿನ ಜೊತೆ ಬಿಳಿಯೂ ಬಿದ್ದರೆ ಫ್ರೇಮ್ ಅಲ್ಲಿಗೇ ಹೋಯಿತು.

ನಮ್ಮಲ್ಲಿ ಪ್ರತಿ ಮೇಜಿಗೂ ರೆಫರಿ ಇರುವುದಿಲ್ಲ. ಸ್ಕೋರರ್ ಇರುತ್ತಾನೆ, ಅವನೂ ಆಫೀಸಿನಿಂದ ಬಂದವನೇ. ಕೂತಿರುವ ಎದುರಾಳಿಯೇ ಆಟ ಗಮನಿಸಬೇಕು. ಎರಡು ಚೆಂಡು ಒತ್ತಾಗಿದ್ದು ಹೊಡೆತ ಸಂಶಯದ್ದಾಗುವಂತಿದ್ದರೆ, ಹೊಡೆಯುವ ಮೊದಲೇ ಆಟ ನಿಲ್ಲಿಸಿ ಸ್ಕೋರರ್‌ನನ್ನು ಹತ್ತಿರ ಕರೆಯಬೇಕು. ಹೊಡೆದ ಮೇಲೆ ಕೂಗಿದರೆ ಪ್ರಯೋಜನವಿಲ್ಲ, ಅನುಮಾನದ ಲಾಭ ಹೊಡೆದವನಿಗೇ. ಫೌಲ್ ಹೇಳುವುದಿದ್ದರೆ ಮುಂದಿನ ಹೊಡೆತದ ಒಳಗೆ ಹೇಳಬೇಕು.

ತಂಡ ಅಂದಮೇಲೆ

ಐದು ಜನರ ತಂಡ, ಐದು ಫ್ರೇಮ್, ಮೂರು ಗೆದ್ದವರು ಮುಂದಿನ ಸುತ್ತಿಗೆ. ಗಟ್ಟಿ ಆಟಗಾರರೆಲ್ಲ ಒಂದೇ ತಂಡದಲ್ಲಿ ಸೇರಿಬಿಟ್ಟರೆ ಉಳಿದವರಿಗೆ ಬರುವ ಉತ್ಸಾಹವೇ ಇರುವುದಿಲ್ಲ. ಅಮೆರಿಕದ ಎಪಿಎ ಲೀಗ್ ಇದಕ್ಕೊಂದು ಒಳ್ಳೆಯ ದಾರಿ ಕಂಡುಕೊಂಡಿದೆ. ಎಂಟು ಚೆಂಡಿನ ಆಟದಲ್ಲಿ ಆಟಗಾರರಿಗೆ 2ರಿಂದ 7ರವರೆಗೆ ದರ್ಜೆ ಕೊಟ್ಟು, ಆಡುವ ಐವರ ದರ್ಜೆಗಳ ಮೊತ್ತ 23 ದಾಟಬಾರದು ಎನ್ನುತ್ತದೆ. ನಾವೂ ಅದನ್ನೇ ಸ್ವಲ್ಪ ಸರಳ ಮಾಡಿಕೊಂಡಿದ್ದೇವೆ. ಹೊಸಬರಿಗೂ ತಂಡದಲ್ಲಿ ಜಾಗ ಸಿಗುತ್ತದೆ. ದರ್ಜೆ ಕಡಿಮೆ ಮಾಡಿಸಿಕೊಳ್ಳಲೆಂದು ಬೇಕಂತಲೇ ಕೆಟ್ಟದಾಗಿ ಆಡಿದರೆ ಇಡೀ ತಂಡ ಹೊರಗೆ.

ಹೊಸಬರಿರುವುದರಿಂದ ಸಲಹೆಗೂ ಅವಕಾಶ ಬೇಕು. ಪ್ರತಿ ಫ್ರೇಮಿಗೆ ಒಂದು ನಿಮಿಷದ ಒಂದು ಟೈಮ್‌ಔಟ್. ಆಗ ಕ್ಯಾಪ್ಟನ್ ಮೇಜಿನ ಬಳಿ ಬಂದು ಏನು ಬೇಕಾದರೂ ಹೇಳಿಕೊಡಬಹುದು. ಅದು ಬಿಟ್ಟು ಸಲಹೆ ಕೊಟ್ಟರೆ ಫೌಲ್. ಈ ಸಾಲು ಕಳೆದ ವರ್ಷ ನಮ್ಮ ನಿದ್ದೆ ಕೆಡಿಸಿತು.

ಸೆಮಿಫೈನಲ್. ಎರಡು-ಎರಡು ಸಮ, ಐದನೇ ಫ್ರೇಮ್. ಒಂದು ಕಡೆ ಧಾರವಾಡ, ಹುಬ್ಬಳ್ಳಿ, ಗದಗದ ನಮ್ಮ ಹುಡುಗರು. ಎದುರು ಮರಾಠಿ, ಹಿಂದಿ ಮಾತಾಡುವವರ ತಂಡ. ಸ್ಕೋರ್ ಬರೆಯುತ್ತಿದ್ದವನು ನಾನು. ಟೈಮ್‌ಔಟ್ ಆಗಲೇ ಮುಗಿದಿತ್ತು. ನಮ್ಮ ಹುಡುಗ ಕ್ಯೂ ಬಗ್ಗಿಸಿದ. ಕುರ್ಚಿಯಿಂದ ಕ್ಯಾಪ್ಟನ್, ಊಟದ ಮಾತಾಡಿದಷ್ಟೇ ಸಲೀಸಾಗಿ, "ಎಡಕ್ಕ ಹೊಡಿಬ್ಯಾಡೋ, ಕರೇದು ಅಡ್ಡ ಐತಿ. ನಾಕನೇದು ಮೆಲ್ಲಕ ತಗೋ" ಎಂದರು. ಹುಡುಗ ಎದ್ದು ನಿಂತು, ಮೇಜು ಸುತ್ತಿ, ನಾಲ್ಕನೇ ಚೆಂಡಿನ ಕಡೆ ಬಂದ.

ಹಾಲ್‌ನಲ್ಲಿ ಆ ಮಾತು ಅರ್ಥವಾದ ಹೊರಗಿನವನು ನಾನೊಬ್ಬನೇ. ಫೌಲ್ ಎಂದೆ. ಎದುರಾಳಿಗಳಿಗೇ ಆಶ್ಚರ್ಯ, ಅವರು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಆಡಿದ ಮಾತನ್ನು ಹಿಂದಿಯಲ್ಲಿ ಬಿಡಿಸಿ ಹೇಳಬೇಕಾಯಿತು. ಬಿಳಿ ಚೆಂಡು ಅವರ ಕೈಗೆ ಹೋಯಿತು, ಫ್ರೇಮೂ ಹೋಯಿತು.

"ನೀವೂ ನಮ್ಮವರ ಅಲ್ಲೇನ್ರೀ ಸರ?" ಎಂದು ಕೇಳಿದ ಕ್ಯಾಪ್ಟನ್, ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು. ಪರ ಊರಿನಲ್ಲಿ ಜೊತೆಗೆ ಜೋಳದ ರೊಟ್ಟಿ ತಿಂದವರು, ಮನೆ ಬದಲಿಸುವಾಗ ಬಂದು ಸಾಮಾನು ಹೊತ್ತವರು. ತಿಂಗಳುಗಟ್ಟಲೆ ಫೋನ್ ಇಲ್ಲ. ಆ ಬೇಜಾರು ಕಪ್ ಸೋತ ಬೇಜಾರಿಗಿಂತ ದೊಡ್ಡದು.

ಕೊನೆಗೆ ಗಣೇಶನ ಹಬ್ಬದಲ್ಲಿ ಸಿಕ್ಕಾಗ ಅವರೇ ಮಾತು ತೆಗೆದರು. "ಫೌಲ್ ಕೊಟ್ಟಿದ್ದಕ್ಕ ನನಗ ಸಿಟ್ಟಿಲ್ರಿ. ಬಾಜೂ ಟೇಬಲ್‌ನ್ಯಾಗ ತೆಲುಗು ಹುಡುಗರು ಇಡೀ ದಿನ ಮಾತಾಡಿದ್ರು. ಅಲ್ಲಿ ಸ್ಕೋರರ್‌ಗೆ ತೆಲುಗು ಬರ್ತಿರಲಿಲ್ಲ. ಸಿಕ್ಕವರು ನಾವಷ್ಟ."

ಅವರ ಮಾತಿನಲ್ಲಿ ನ್ಯಾಯವಿತ್ತು. ಸ್ಕೋರರ್‌ಗೆ ಬರುವ ಭಾಷೆಯಲ್ಲಿ ಮಾತ್ರ ಜಾರಿಯಾಗುವ ನಿಯಮ, ಆ ಭಾಷೆ ಆಡುವವರಿಗೆ ಶಿಕ್ಷೆ. ಹತ್ತು ಭಾಷೆಯ ಜನ ಸೇರುವ ಊರಿನಲ್ಲಿ ನಿಯಮ ಕಣ್ಣಿಗೆ ಕಾಣುವಂತಿರಬೇಕು. ಪಾದ ನೆಲದ ಮೇಲಿದೆಯೇ, ಚೆಂಡು ಕುಷನ್ ಮುಟ್ಟಿತೇ ಎಂದು ನೋಡಲು ಯಾರಿಗೂ ಭಾಷೆ ಬೇಕಿಲ್ಲ.

ಈ ಸಲದ ಹಾಳೆ

ಆ ಮಾತಿನ ಮೇಲೆಯೇ ಈ ವರ್ಷದ ನಡವಳಿಕೆಯ ಪಟ್ಟಿ ಮಾಡಿದ್ದೇವೆ.

– ನಿಮ್ಮವರು ಮೇಜಿನ ಬಳಿ ಇರುವಾಗ ಕುರ್ಚಿಯಿಂದ ಯಾವ ಭಾಷೆಯಲ್ಲೂ ಮಾತಿಲ್ಲ. ಹೊಡೆತ ಮುಗಿದ ಮೇಲೆ ಚಪ್ಪಾಳೆ ತಟ್ಟಬಹುದು. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಫೌಲ್.

– ಕಪ್ಪು ಚೆಂಡಿನ ಪಾಕೆಟ್ ಯಾವುದೆಂದು ಬಾಯಲ್ಲಿ ಹೇಳಿದರೆ ಸಾಲದು, ಕ್ಯೂ ಚಾಚಿ ತೋರಿಸಬೇಕು.

– ಎದುರಾಳಿ ಆಡುವಾಗ ಕೂತೇ ಇರಬೇಕು, ಅವನ ಗುರಿಯ ನೇರಕ್ಕೆ ನಿಲ್ಲಬಾರದು, ಸೀಮೆಸುಣ್ಣ ಉಜ್ಜುತ್ತ ಸದ್ದು ಮಾಡಬಾರದು.

– ತೋಳು ತಗಲಿ ಚೆಂಡು ಅಲುಗಿದರೆ ಆಟಗಾರ ತಾನೇ ಹೇಳಬೇಕು.

– ಸೋತರೂ ಗೆದ್ದರೂ ಐದು ಜನರೂ ಕೈ ಕುಲುಕಿಯೇ ಹೊರಡಬೇಕು.

ನಾಲ್ಕನೆಯದಕ್ಕೆ ಮಾತ್ರ ಯಾವ ಸ್ಕೋರರ್ ಇದ್ದರೂ ಪ್ರಯೋಜನವಿಲ್ಲ, ಅದು ಹೊಡೆಯುವವನಿಗಷ್ಟೇ ಗೊತ್ತಾಗುವ ಫೌಲ್. ಉಳಿದವನ್ನು ಯಾರು ಬೇಕಾದರೂ ನೋಡಿ ಹೇಳಬಹುದು.

ಹುಬ್ಬಳ್ಳಿಯ ಕ್ಯಾಪ್ಟನ್ ತಂಡದ ಹೆಸರು ಕೊಟ್ಟಿದ್ದಾರೆ. ಜೊತೆಗೆ, ತಮ್ಮ ತಂಡ ಆಡದಿರುವಾಗ ಸ್ಕೋರ್ ಬರೆಯಲು ತಾವೂ ಬರುವುದಾಗಿ ಹೇಳಿದ್ದಾರೆ. ಅವರನ್ನು ತೆಲುಗು ಹುಡುಗರ ಮೇಜಿಗೇ ಹಾಕಿದ್ದೇನೆ.