ಬೀಳದೆಯೂ ಬರುವ ಮೂರ್ಛೆ

ಮೂರ್ಛೆರೋಗವೆಂದರೆ ನೆಲಕ್ಕೆ ಬಿದ್ದು ಒದ್ದಾಡುವುದೆಂದೇ ನಾವು ತಿಳಿದಿರುತ್ತೇವೆ. ಮಿದುಳಿನ ಒಂದು ಭಾಗದಿಂದ ಹುಟ್ಟುವ ಫೋಕಲ್ ಅಪಸ್ಮಾರ ಹಾಗಲ್ಲ. ಕೆಲವರಿಗೆ ಪೂರ್ಣ ಎಚ್ಚರವಿದ್ದೂ ಒಂದು ಕೈ ಅದುರುತ್ತದೆ, ಇಲ್ಲದ ವಾಸನೆ ಬರುತ್ತದೆ. ಕೆಲವರು ಗಲ್ಲೆಯಲ್ಲಿ ಲೆಕ್ಕ ಬರೆಯುತ್ತಲೇ ಒಂದೆರಡು ನಿಮಿಷ ಶೂನ್ಯ ನೋಟದಲ್ಲಿ ತುಟಿ ಚಪ್ಪರಿಸುತ್ತಾರೆ, ಕರೆದರೆ ಓಗೊಡುವುದಿಲ್ಲ. ಅದನ್ನು ನಾವು ಮೈಮರೆವೆಂದು ಗದರಿ ಬಿಡುತ್ತೇವೆ. ಮಿದುಳಿನ ಎರಡೂ ಕಡೆ ಹರಡಿದಾಗ ಮೈಯೆಲ್ಲ ಸೆಟೆದು ಬೀಳುತ್ತಾರೆ. ಆಗ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನನ್ನೂ ಇಡಬಾರದು. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಮಾತು. ದಶಲಕ್ಷಣ ಪರ್ವದ ಉಪವಾಸದಲ್ಲಿ ಗುಳಿಗೆ ಬಿಟ್ಟರೆ ಮೂರ್ಛೆ ಮರುಕಳಿಸಿ ಪ್ರಾಣಕ್ಕೇ ಅಪಾಯವಾಗಬಹುದು. ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳೋಣ. ಶಕ್ತಿಯರಿತು ಮಾಡುವುದೇ ತಪವಲ್ಲವೆ?