ಡಿಕ್ಕಿಯಲ್ಲಿ 25 ಲೀಟರ್ ಗಾಳಿ

ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ನಡುದಾರಿಯಲ್ಲಿ ತೋರಣಗಲ್ಲು, ಅದರ ಮಗ್ಗುಲಲ್ಲೇ ಕುರೆಕುಪ್ಪ. ಕಂದಾಯದ ಲೆಕ್ಕಕ್ಕೆ ಸಂಡೂರು ತಾಲ್ಲೂಕು, ಅನ್ನದ ಲೆಕ್ಕಕ್ಕೆ ಉಕ್ಕಿನ ಕಾರ್ಖಾನೆ. ಶಿಫ್ಟ್ ಮುಗಿಸಿ ಬರುವವರ ಮನೆ ಮುಂದೆ ಈಗ ಬೈಕಿನ ಜೊತೆ ಸಣ್ಣದೊಂದು ಕಾರೂ ನಿಂತಿರುತ್ತದೆ. ಡ್ಯೂಟಿಗೂ ಅದೇ, ಭಾನುವಾರ ಹಂಪಿಗೂ ಅದೇ, ಕಂಪ್ಲಿ ಕಡೆಯ ನೆಂಟರು ಕೊಟ್ಟ ಅಕ್ಕಿ ಚೀಲ ತರುವುದಕ್ಕೂ ಅದೇ. ಇಂಥ ಕಾರಿಗೆ ಊಫರ್ ಹಾಕಿಸಬೇಕು ಎಂದು ಮಗ ಬಾಯಿಬಿಟ್ಟರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ಡಿಕ್ಕಿಯಲ್ಲಿ ಸಾಮಾನು ಎಲ್ಲಿಡೋದು?

ನ್ಯಾಯವಾದ ಪ್ರಶ್ನೆಯೇ. ಹಳೆಯ ಆಲ್ಟೊ 800ರ ಡಿಕ್ಕಿ 177 ಲೀಟರ್. ಟಿಯಾಗೊದ್ದು 242, 2018ರ ಸ್ವಿಫ್ಟ್‌ನದ್ದು 268, ವ್ಯಾಗನ್ ಆರ್‌ನದ್ದು 341. ಸಿಎನ್‌ಜಿ ಸಿಲಿಂಡರ್ ಕೂತಿದ್ದರೆ ಇದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಇರುವ ಇಷ್ಟು ಜಾಗದಲ್ಲಿ ಮರದ ಪೆಟ್ಟಿಗೆಯೊಂದನ್ನು ಕೂರಿಸಿ, ಅಕ್ಕಿ ಚೀಲಕ್ಕೂ ಎಡೆ ಉಳಿಸಿ, ಅಡಿಯಲ್ಲಿರುವ ಸ್ಟೆಪ್ನಿ ಕೈಗೆ ಸಿಗುವಂತೆ ನೋಡಿಕೊಳ್ಳುವುದೇ ಈ ಕಸುಬು. ಇದರಲ್ಲಿ ಅರ್ಧ ಬಡಗಿ ಕೆಲಸ, ಇನ್ನರ್ಧ ಎಲೆಕ್ಟ್ರಿಷಿಯನ್ ಕೆಲಸ.

ಪೆಟ್ಟಿಗೆ ಯಾಕೆ ಬೇಕು? ಡೊಳ್ಳಿಗೆ ಬರೀ ಚರ್ಮ ಸಾಲದು, ಮರದ ಹೊಟ್ಟೆಯೂ ಬೇಕು ಎಂದು ಈ ಸೀಮೆಯ ಹಾಲುಮತದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಊಫರಿನ ಕೋನ್ ಮುಂದಿನ ಗಾಳಿಯನ್ನು ದೂಡುವಾಗಲೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. 50 ಹರ್ಟ್ಸ್ ಸದ್ದಿನ ಒಂದು ಅಲೆ ಹತ್ತಿರಹತ್ತಿರ 7 ಮೀಟರ್ ಉದ್ದ. ಅಂಥ ಅಲೆಗೆ 10 ಇಂಚಿನ ಕೋನನ್ನು ಸುತ್ತಿ ಬರುವುದು ಏನೂ ಕಷ್ಟವಲ್ಲ. ಮುಂದಿನದೂ ಹಿಂದಿನದೂ ಎದುರುಬದುರಾಗಿ ಒಂದನ್ನೊಂದು ತಿಂದುಹಾಕುತ್ತವೆ, ಕಿವಿಗೆ ಬರೀ ಪಟಪಟ ಉಳಿಯುತ್ತದೆ. ಇವೆರಡರ ನಡುವೆ ಗೋಡೆ ಕಟ್ಟುವುದು ಪೆಟ್ಟಿಗೆಯ ಮೊದಲ ಕೆಲಸ. ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡು ಕೋನಿಗೆ ಲಗಾಮು ಹಾಕುವುದು ಎರಡನೆಯದು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಈ ಗುಟ್ಟು ಹಿಡಿದು, ಬೀರುವಿನಷ್ಟು ದೊಡ್ಡದಾಗಿದ್ದ ಸ್ಪೀಕರನ್ನು ಕಪಾಟಿನ ಮೇಲಿಡುವಷ್ಟಕ್ಕೆ ಇಳಿಸಿದ. ಯಾವ ಊಫರಿಗೆ ಎಷ್ಟು ಲೀಟರ್ ಗಾಳಿ ಬೇಕು ಎಂಬ ಲೆಕ್ಕವನ್ನು ಆಸ್ಟ್ರೇಲಿಯಾದಲ್ಲಿ ನೆವಿಲ್ ತೀಲ್ 1961ರಲ್ಲೂ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲೂ ಕೂಡಿಸಿ ಕೊಟ್ಟರು. ಊಫರಿನ ಡಬ್ಬದೊಳಗೆ ಬರುವ, ನಾವು ಮಡಚಿ ಬಿಸಾಡುವ ಆ ಚೀಟಿಯಲ್ಲಿರುವ ಅಂಕಿಗಳು ಅವರ ಹೆಸರಿನವೇ.

ಇನ್ನು ಅಳತೆ. ಬಲ್ಲವರು ಮೊದಲು ಗರಗಸ ಹಿಡಿಯುವುದಿಲ್ಲ, ರಟ್ಟು ಹಿಡಿಯುತ್ತಾರೆ. ಸಣ್ಣ ಕಾರಿನ ಡಿಕ್ಕಿ ಚೌಕವಾಗಿ ಇರುವುದೇ ಇಲ್ಲ. ಎರಡೂ ಬದಿಯಲ್ಲಿ ಚಕ್ರದ ಉಬ್ಬು, ಮುಂದೆ ಸೀಟಿನ ಬೆನ್ನಿನ ವಾಟ, ಬಾಗಿಲ ಬಳಿ ಎತ್ತರದ ಹೊಸ್ತಿಲು. ಒಳಗೆ ಕರಾರುವಾಕ್ಕಾಗಿ ಕೂರುವ ಪೆಟ್ಟಿಗೆ ಮಾಡಿ, ಅದು ಬಾಗಿಲಲ್ಲೇ ತೂರದೆ ಪೇಚಾಡುವುದು ಈ ಕಸುಬಿನಲ್ಲಿ ಹಳೆಯ ತಮಾಷೆ. ರಟ್ಟಿನ ಡಬ್ಬ ಕತ್ತರಿಸಿ, ಗಮ್ ಟೇಪ್ ಸುತ್ತಿ, ಒಳಗಿಟ್ಟು, ಡಿಕ್ಕಿ ಮುಚ್ಚಿ ನೋಡಿದ ಮೇಲೆಯೇ ಹಲಗೆಗೆ ಕೈಹಾಕಬೇಕು.

ಹೊರಗಿನಿಂದ 40 ಸೆಂ.ಮೀ. ಅಗಲ, 32 ಎತ್ತರ, 28 ಆಳದ ಪೆಟ್ಟಿಗೆ ಎಂದಿಟ್ಟುಕೊಳ್ಳಿ. ಹಿಂಬದಿ ಸೀಟಿನ ವಾಟಕ್ಕೆ ಓರೆಯಾಗಿದ್ದರೆ ಮೇಲಿನ ಆಳ 22, ಕೆಳಗಿನದು 34, ಸರಾಸರಿ ಅದೇ 28. ಹೊರಗಿನ ಲೆಕ್ಕಕ್ಕೆ ಇದು ಹೆಚ್ಚುಕಡಿಮೆ 36 ಲೀಟರ್. ಆದರೆ 18 ಮಿ.ಮೀ. ಹಲಗೆಯ ದಪ್ಪ ಕಳೆದರೆ ಒಳಗೆ ಉಳಿಯುವುದು ಬರೀ 25 ಲೀಟರ್. ಊಫರಿನ ಆಯಸ್ಕಾಂತ ಇನ್ನೂ ಒಂದೆರಡು ಲೀಟರ್ ನುಂಗುತ್ತದೆ. ಮುಚ್ಚಿದ ಬಾಕ್ಸ್‌ನಲ್ಲಿ ಬಹುತೇಕ 10 ಇಂಚಿನ ಊಫರ್‌ಗಳಿಗೆ ಇಷ್ಟು ಸಾಕು. ಗಾಳಿ ಕೊಳವೆ, ಅಂದರೆ ಪೋರ್ಟ್ ಇರುವ ಬಾಕ್ಸ್ ಇನ್ನೂ ಜೋರಾಗಿ ಗುಡುಗುತ್ತದೆ, ನಿಜ. ಅದಕ್ಕೆ ಒಂದೂವರೆ ಪಟ್ಟೋ ಅದಕ್ಕಿಂತ ಹೆಚ್ಚೋ ಗಾಳಿ ಬೇಕು, ಅಕ್ಕಿ ಚೀಲ ಹಿಂದಿನ ಸೀಟಿಗೆ ಹೋಗುತ್ತದೆ.

ಹಲಗೆಗೆ ಎಂ.ಡಿ.ಎಫ್. ಆದರೂ ಸರಿ, ಒಳ್ಳೆಯ ಪ್ಲೈವುಡ್ ಆದರೂ ಸರಿ. ನೀರು ಕುಡಿದ ಎಂ.ಡಿ.ಎಫ್. ಉಬ್ಬಿ ಹಾಳಾಗುತ್ತದೆ. ಡಿಕ್ಕಿಯ ರಬ್ಬರ್ ಹರಿದು ಮಳೆ ಒಳಬರುವ ಹಳೆಯ ಕಾರಾದರೆ ಪ್ಲೈವುಡ್ಡೇ ಲೇಸು. ಮೂಲೆಗಳಿಗೆ ಫೆವಿಕಾಲ್, ಸ್ಕ್ರೂ, ಒಳಗಿನಿಂದ ಸಿಲಿಕಾನ್. ಊಫರ್ ಬಿಗಿದ ಮೇಲೆ ಅಂಗೈಯಿಂದ ಕೋನನ್ನು ಮೆಲ್ಲಗೆ ಒತ್ತಿ ಬಿಡಬೇಕು. ಎಲ್ಲಿಂದಲೋ ಸುಯ್ ಎಂದರೆ ಅಲ್ಲಿ ಸೋರುತ್ತಿದೆ. ಅದಿರು ಲಾರಿಗಳ ಕೆಂಧೂಳು ಸಂದುಗೊಂದುಗಳಲ್ಲೆಲ್ಲ ಕೂರುವ ಊರಿದು, ಬಾಕ್ಸ್ ಬಿಗಿಯಾಗಿದ್ದಷ್ಟೂ ಊಫರಿನ ಬೆನ್ನಿಗೆ ಒಳ್ಳೆಯದು.

ಕಾರು ಸಣ್ಣದಾದ್ದರಿಂದ ಇಲ್ಲಿ ಲಾಭವೂ ಉಂಟು. ಎರಡೂವರೆ ಮೀಟರ್ ಉದ್ದದ ಒಳಾಂಗಣವಿದ್ದರೆ, 70 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಅಲ್ಲಿ ಅರ್ಧ ಅಲೆಯನ್ನೂ ಚಾಚಲು ಜಾಗ ಸಿಗುವುದಿಲ್ಲ. ಆಗ ಕಾರಿನೊಳಗಿನ ಗಾಳಿಯಿಡೀ ಒಟ್ಟಿಗೆ ಹಿಗ್ಗಿ ಕುಗ್ಗುತ್ತದೆ, ಸದ್ದು ತಾನಾಗಿ ಏರುತ್ತದೆ. ಮುಚ್ಚಿದ ಬಾಕ್ಸ್‌ನ ಸದ್ದು ಕೆಳಸ್ಥಾಯಿಯಲ್ಲಿ ಇಳಿಯುವ ಪ್ರಮಾಣವೂ ಕಾರು ಅದನ್ನು ಏರಿಸುವ ಪ್ರಮಾಣವೂ ಸಿದ್ಧಾಂತದ ಪ್ರಕಾರ ಒಂದೇ: ಒಂದು ಸ್ಥಾಯಿಗೆ 12 ಡೆಸಿಬಲ್. ಗಾಜು, ಬಾಗಿಲುಗಳ ಸೋರಿಕೆಯಿಂದ ಅಷ್ಟೂ ದಕ್ಕುವುದಿಲ್ಲವಾದರೂ ದಕ್ಕುವುದೇ ಧಾರಾಳ. ಆಲ್ಟೊದಲ್ಲಿ 12 ಇಂಚಿನ ಜೋಡಿ ಊಫರ್ ಹೇರಿಕೊಂಡವರನ್ನು ಕಂಡರೆ ನನಗೆ ಪಾಪ ಎನ್ನಿಸುವುದು ಇದಕ್ಕೇ.

ವೈರಿಂಗ್ ವಿಷಯದಲ್ಲಿ ಮಾತ್ರ ಚೌಕಾಸಿ ಕೂಡದು. 300 ವ್ಯಾಟ್‌ನ ಆಂಪ್ಲಿಫೈಯರ್, ಅಂದರೆ ಆಂಪ್, ಪೂರ್ತಿ ದುಡಿದರೆ 12 ವೋಲ್ಟ್ ಬ್ಯಾಟರಿಯಿಂದ 30 ಆಂಪಿಯರ್ ಆಸುಪಾಸು ಎಳೆಯುತ್ತದೆ. ತೆಳು ವೈರ್ ಕಾದು ಕರಗುತ್ತದೆ. ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಇರಬೇಕು. ಫ್ಯೂಸನ್ನು ಆಂಪ್‌ನ ಬಳಿ ಮಾತ್ರ ಹಾಕಿ ಕೈತೊಳೆದುಕೊಂಡರೆ, ನಡುವೆ ಎಲ್ಲಾದರೂ ವೈರ್ ಸವೆದು ಬಾಡಿಗೆ ತಾಗಿದಾಗ ಬೆಂಕಿಯನ್ನು ತಡೆಯುವವರಿಲ್ಲ. ಪವರ್ ವೈರ್ ಒಂದು ಪಕ್ಕ, ಸಿಗ್ನಲ್ ವೈರ್ ಇನ್ನೊಂದು ಪಕ್ಕ ಎಳೆಯಬೇಕು, ಇಲ್ಲವಾದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸ್ಪೀಕರಿನಲ್ಲಿ ಕುಂಯ್ ಎನ್ನುತ್ತದೆ. ಊಫರೂ ಸೇರಿ 14–15 ಕಿಲೊ ತೂಗುವ ಪೆಟ್ಟಿಗೆಯನ್ನು ಪಟ್ಟಿ ಹಾಕಿ ಬಿಗಿಯದಿದ್ದರೆ, ಗಕ್ಕನೆ ಬ್ರೇಕ್ ಹೊಡೆದಾಗ ಅದು ಮಕ್ಕಳು ಕೂತ ಸೀಟಿಗೆ ಗುದ್ದುತ್ತದೆ. ಹಾಗೆಂದು ನೆಲಕ್ಕೆ ಕಣ್ಣುಮುಚ್ಚಿ ಡ್ರಿಲ್ ಹೊಡೆಯುವಂತಿಲ್ಲ. ಹೆಚ್ಚಿನ ಸಣ್ಣ ಕಾರುಗಳ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಅಡಿಯಲ್ಲೇ.

ಕೊನೆಗೆ ನಂಬರ್ ಪ್ಲೇಟ್. ಊಫರ್ ಎಷ್ಟೇ ಚೆನ್ನಾಗಿರಲಿ, ಪ್ಲೇಟ್ ಗಡಗಡ ಎಂದರೆ ಹೊರಗೆ ನಿಂತವರಿಗೆ ಕೇಳುವುದು ಅದೊಂದೇ. ಅದರ ಹಿಂದೆ ಎರಡು ತುಂಡು ಫೋಮ್ ಟೇಪ್ ಅಂಟಿಸಿದರೆ ಮುಗಿಯಿತು.

ಹೊರಗಿನವರ ಮಾತು ಬಂತಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುತ್ತವೆ. ಅವುಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಗಿನ 6. ಊದುಕುಲುಮೆ ಆರದ ಈ ಊರಿನಲ್ಲಿ ಆ ಗಡಿಯಾರ ನಡೆಯುವುದಿಲ್ಲ. ನೈಟ್ ಶಿಫ್ಟ್ ಮುಗಿಸಿದವರಿಗೆ ಬೆಳಗಿನ 10 ಗಂಟೆಯೇ ಸರಿರಾತ್ರಿ. ಓಣಿಗೆ ತಿರುಗುವ ಮುಂಚೆ ಬೇಸ್ ಇಳಿಸುವ ಅಭ್ಯಾಸ ಇರಲಿ.

ಹಾಕಿಸುವುದೇ ಆದರೆ 10 ಇಂಚಿನದೊಂದು ಊಫರ್, ಮುಚ್ಚಿದ ಬಾಕ್ಸ್, ಕಳಚಲು ಬರುವ ಕನೆಕ್ಟರ್. ಸಿಎನ್‌ಜಿ ಇದ್ದವರು ಸೀಟಿನ ಕೆಳಗೆ ತೂರುವ ಚಪ್ಪಟೆ ಊಫರಿಗೆ ತೃಪ್ತಿಪಡಿ. ಕೆಲಸ ಮುಗಿದ ಮೇಲೆ ಬಾನೆಟ್ ಎತ್ತಿಸಿ ಫ್ಯೂಸ್ ಎಲ್ಲಿದೆ ಎಂದು ತೋರಿಸಲು ಹೇಳಿ, ಸ್ಟೆಪ್ನಿಯನ್ನು ನಿಮ್ಮ ಕೈಯಾರೆ ಒಮ್ಮೆ ಹೊರಗೆ ತೆಗೆದು ನೋಡಿ. ದುಡ್ಡು ಆಮೇಲೆ ಕೊಡಿ.