ಬೆಳಗಿನ ಓಟಕ್ಕೆ, ಸೈಕಲ್‌ಗೆ ಹೋಗ್ತೀರಾ? ಸರಗಳ್ಳರು, ನಾಯಿ, ಚಿರತೆ, ಲೈಟಿಲ್ಲದ ಟ್ರ್ಯಾಕ್ಟರ್: ಯಾವುದಕ್ಕೆ ಏನು ಮಾಡಬೇಕು

ಮೈಸೂರು: ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ, ಚಾಮುಂಡಿ ಬೆಟ್ಟದ ಮೆಟ್ಟಿಲು. ಜಿಲ್ಲಾ ಕೇಂದ್ರದಲ್ಲಿ ವಾಕಿಂಗ್, ರನ್ನಿಂಗ್ ಮಾಡೋರಿಗೆ ಜಾಗಕ್ಕೆ ಬರ ಇಲ್ಲ. ತಾಲ್ಲೂಕುಗಳಲ್ಲಿ ಹಾಗಲ್ಲ. ನಂಜನಗೂಡು, ತಿ.ನರಸೀಪುರ, ಹುಣಸೂರು, ಕೆ.ಆರ್.ನಗರದ ಹೆಚ್ಚಿನವರಿಗೆ ಹೆದ್ದಾರಿ ಅಂಚು, ನಾಲೆ ಏರಿ, ಕಾಲೇಜು ಮೈದಾನವೇ ಟ್ರ್ಯಾಕ್. ಅಂಗಡಿ ಇಟ್ಟವರು ಷಟರ್ ಎತ್ತೋ ಮುಂಚೆ ಕತ್ತಲಲ್ಲೇ ಹೊರಡುತ್ತಾರೆ, ಇಲ್ಲ ರಾತ್ರಿ ಬಾಗಿಲು ಹಾಕಿದ ಮೇಲೆ ನಡೆಯುತ್ತಾರೆ. ರಸ್ತೆ ಖಾಲಿ ಇರೋ ಹೊತ್ತೂ ಅದೇ, ಅಪಾಯದ ಹೊತ್ತೂ ಅದೇ.

ಇದಕ್ಕೆ ಆಡಳಿತದವರಿಗೆ ತಕ್ಷಣ ಹೊಳೆಯುವ ಉಪಾಯ ಗೇಟಿಗೆ ಬೀಗ ಹಾಕೋದು. 2021ರ ಆಗಸ್ಟ್ 24ರಂದು ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ಬೆನ್ನಲ್ಲೇ ಮೈಸೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿತ್ತು. ಸಂಜೆ 6.30ರ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆಗೂ ಪ್ರವೇಶ ಇಲ್ಲ ಅಂತ. ತಪ್ಪು ಮಾಡೋರನ್ನು ಬಿಟ್ಟು ಹೆಣ್ಮಕ್ಕಳನ್ನು ಮನೆಯೊಳಗೆ ಕೂರಿಸ್ತೀರಾ ಎಂಬ ಟೀಕೆ ಜೋರಾದ ಮೇಲೆ ಆ ಸುತ್ತೋಲೆ ವಾಪಸ್ ಆಯ್ತು. ಟೀಕೆಯಲ್ಲಿ ನ್ಯಾಯ ಇತ್ತು. ಜನ ಓಡಾಡೋದು ನಿಂತ ದಾರಿ ಇನ್ನಷ್ಟು ಅಪಾಯದ ದಾರಿ ಆಗುತ್ತೆ. ದಾರಿ ಕಾಯೋದು ಗೇಟಲ್ಲ, ಪಕ್ಕದ ಟೀ ಅಂಗಡಿ, ಎಳನೀರು ಗಾಡಿ, ಉರಿಯೋ ಬೀದಿದೀಪ.

ಮೊದಲು ವಾಹನದ ವಿಷಯ

ಕಳ್ಳರ ಬಗ್ಗೆ ಎಲ್ಲರಿಗೂ ಭಯ ಇದೆ, ವಾಹನದ ಬಗ್ಗೆ ಅಷ್ಟಿಲ್ಲ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯೋರು, ಓಡೋರು ಬಲಗಡೆ ಹೋಗಬೇಕು, ಎಡಗಡೆ ಅಲ್ಲ. ಆಗ ನಿಮ್ಮ ಬದಿಯ ಗಾಡಿ ಎದುರಿನಿಂದ ಬರುತ್ತೆ, ಕಣ್ಣಿಗೆ ಕಾಣುತ್ತೆ, ಪಕ್ಕಕ್ಕೆ ಇಳಿಯೋಕೆ ಟೈಮ್ ಸಿಗುತ್ತೆ. ಹಿಂದಿನಿಂದ ಬಂದು ಸರಕ್ಕೆ ಕೈ ಹಾಕೋ ಬೈಕಿನವರಿಗೂ ಇದರಿಂದ ಕಷ್ಟ. ಸೈಕಲ್ ಮಾತ್ರ ವಾಹನವೇ, ಅದು ಎಡಗಡೆಯೇ ಹೋಗಬೇಕು. ಎದುರು ದಿಕ್ಕಿನಲ್ಲಿ ಸೈಕಲ್ ತುಳಿಯೋದು ಸುಮ್ಮನೆ ಪ್ರಾಣದ ಜತೆ ಆಟ.

ಕಬ್ಬಿನ ಕಟಾವು ಶುರುವಾದರೆ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ರಸ್ತೆಗೆ ಇಳಿಯುತ್ತವೆ. ಕತ್ತಲಲ್ಲಿ ಅದರ ಹಿಂದೆ ಸೈಕಲ್ ಹೋಗೋನಿಗೆ ಟ್ರೈಲರ್ ಕಾಣಲ್ಲ, ಸೈಕಲ್ಲಿನ ಹಿಂದೆ ಬರೋ ಲಾರಿಯವನಿಗೆ ಸೈಕಲ್ಲೂ ಕಾಣಲ್ಲ. ಹಿಂದೆ ಮಿನುಗೋ ಕೆಂಪು ಲೈಟು, ಮುಂದೆ ಬಿಳಿ ಲೈಟು, ಬೆಳಕಿಗೆ ಹೊಳೆಯೋ ಪಟ್ಟಿಯ ಜಾಕೆಟ್, ಮೂರಕ್ಕೂ ಸೇರಿ ಒಂದು ಜೊತೆ ಒಳ್ಳೆ ಶೂಗಿಂತ ಕಡಿಮೆ ದುಡ್ಡು. ಇಯರ್‌ಫೋನ್ ಬೇಕೇ ಬೇಕು ಅಂದರೆ ಒಂದೇ ಕಿವಿಗೆ.

ಗಾಡಿ ಗುದ್ದಿ ಯಾರಾದರೂ ಬಿದ್ದಿದ್ದರೆ ಅಕ್ಕಪಕ್ಕದ ಅಂಗಡಿಯವರು ಹಿಂಜರಿಯೋದು ಸ್ಟೇಷನ್ ಅಲೆದಾಟಕ್ಕೆ ಹೆದರಿ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಪ್ರಕಾರ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಕೊಡಿ ಅಂತ ಒತ್ತಾಯಿಸುವಂತಿಲ್ಲ. 108ಕ್ಕೆ ಕರೆ ಮಾಡಿ. 2025ರಲ್ಲಿ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂ. ತನಕ ನಗದುರಹಿತ ಚಿಕಿತ್ಸೆ ಇದೆ.

ಸರಕ್ಕೆ ಕೈ ಹಾಕಿದರೆ

ಅಡ್ರೆಸ್ ಕೇಳೋ ನೆಪದಲ್ಲಿ ಬೈಕ್ ನಿಲ್ಲಿಸಿ, ಹಿಂದೆ ಕೂತವನು ಸರ ಎಳೆಯೋದು ಹಳೇ ವಿದ್ಯೆ. ಅಡ್ರೆಸ್ ಕೇಳಿದರೆ ಹೇಳಿ, ಆದರೆ ಎರಡು ಮಾರು ದೂರದಿಂದಲೇ. ಮಾಂಗಲ್ಯ ಮನೆಯಲ್ಲಿಟ್ಟು ಹೊರಡಿ ಅಂದರೆ ಎಷ್ಟೋ ತಾಯಂದಿರು ಒಪ್ಪೋದಿಲ್ಲ, ಅವರನ್ನು ಬೈದು ಪ್ರಯೋಜನವೂ ಇಲ್ಲ. ದಾರದಲ್ಲಿ ಪೋಣಿಸಿದ ತಾಳಿ ಹಾಕಿಕೊಂಡು ಚಿನ್ನದ ಸರ ಬೀರುವಿನಲ್ಲಿಡಬಹುದು. ಎಳೆದಾಗ ಮಾತ್ರ ಹಿಡಿದು ಜಗ್ಗಬೇಡಿ. ಓಡೋ ಬೈಕಿನ ಜತೆ ಎಳೆದುಕೊಂಡು ಹೋಗಿ ತಲೆ ಒಡೆದುಕೊಳ್ಳೋದು ಸರ ಕಳಕೊಳ್ಳೋದಕ್ಕಿಂತ ಕೆಟ್ಟದ್ದು.

ರಾತ್ರಿ ಅಂಗಡಿ ಮುಚ್ಚಿ ವಾಕ್ ಹೋಗೋರು ದಿನದ ಕಲೆಕ್ಷನ್ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹೋಗೋದು ಎಲ್ಲಾ ಊರಲ್ಲೂ ಕಾಣುತ್ತೆ. ಮೊದಲು ದುಡ್ಡು ಮನೆ ಸೇರಲಿ, ಆಮೇಲೆ ವಾಕ್. ದಿನಾ ಅದೇ ಹೊತ್ತು, ಅದೇ ದಾರಿ ಬೇಡ. ಓಡಿದ ದಾರಿಯ ಮ್ಯಾಪ್ ಸಮೇತ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಲೇಬೇಕು ಅಂದರೆ ಮನೆಗೆ ಬಂದ ಮೇಲೆ ಹಾಕಿ, ಮನೆ ಬಾಗಿಲು ಕಾಣದ ಹಾಗೆ.

ಘಟನೆ ನಡೆದರೆ 112. ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಪವರ್ ಬಟನ್ ಬೇಗಬೇಗ ಒತ್ತಿದರೆ ತುರ್ತು ಕರೆ ಹೋಗುತ್ತೆ. ಮೂರು ಸಲವೋ ಐದು ಸಲವೋ ಅನ್ನೋದು ಫೋನಿನಿಂದ ಫೋನಿಗೆ ಬೇರೆ, ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿಟ್ಟುಕೊಳ್ಳಿ. "ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಯಾವ ಠಾಣೆಯೂ ವಾಪಸ್ ಕಳಿಸುವಂತಿಲ್ಲ. ಮೈಸೂರಿನಲ್ಲಿ ಸರ ಹೋಗಿದ್ದರೂ ನಂಜನಗೂಡು ಠಾಣೆಯಲ್ಲಿ ದೂರು ಕೊಡಬಹುದು, ಇದಕ್ಕೇ ಝೀರೋ ಎಫ್‌ಐಆರ್ ಅನ್ನೋದು. ಎಫ್‌ಐಆರ್ ಪ್ರತಿ ಉಚಿತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಹೋಗೋದೇ ಪ್ರತ್ಯೇಕ ಅಪರಾಧ, ಕಲಂ 304, ಮೂರು ವರ್ಷದವರೆಗೆ ಜೈಲು. ಹೊಡೆದು, ಹೆದರಿಸಿ ಕಿತ್ತರೆ ಅದು ಸುಲಿಗೆ, ಶಿಕ್ಷೆ ಹತ್ತು ವರ್ಷದವರೆಗೆ. ಹಾಗಾಗಿ ಗಾಯ ಆಗಿದ್ದರೆ, ಚಾಕು ತೋರಿಸಿದ್ದರೆ ದೂರಿನಲ್ಲಿ ಬಿಡದೆ ಬರೆಸಿ. ಫೋನ್ ಹೋಗಿದ್ದರೆ ದೂರಿನ ಪ್ರತಿ ಇಟ್ಟುಕೊಂಡು ಸಿಇಐಆರ್ ವೆಬ್‌ಸೈಟ್‌ನಲ್ಲಿ ಬ್ಲಾಕ್ ಮಾಡಿಸಬಹುದು. ಅದಕ್ಕೆ ಐಎಂಇಐ ನಂಬರ್ ಬೇಕು, *#06# ಒತ್ತಿದರೆ ಬರುತ್ತೆ, ಫೋನ್ ಕೈಯಲ್ಲಿ ಇರುವಾಗಲೇ ಬರೆದಿಡಿ.

ನಾಯಿ, ಚಿರತೆ

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ. ಸೈಕಲ್ಲಿನವರು ಇಳಿದು, ಸೈಕಲ್ಲನ್ನು ನಾಯಿಗೂ ತಮಗೂ ನಡುವೆ ಇಟ್ಟುಕೊಂಡು ನಿಧಾನ ನಡೆಯಬೇಕು. ಕಚ್ಚಿದರೆ ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆ ಜತೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಒಂದು ಡೋಸ್‌ಗೆ ನಿಲ್ಲಿಸೋದೇ ದೊಡ್ಡ ತಪ್ಪು.

ಚಿರತೆ ಅಂದರೆ ನಗರದವರು ನಗಬಹುದು, ತಿ.ನರಸೀಪುರದವರು ನಗಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ತಾಲ್ಲೂಕೊಂದರಲ್ಲೇ ನಾಲ್ವರು ಚಿರತೆಗೆ ಬಲಿಯಾದರು. ಆಮೇಲೆ ಮೈಸೂರಿಗೆ ಚಿರತೆ ಕಾರ್ಯಪಡೆಯೇ ಬಂತು. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದ ಕ್ಯಾಮೆರಾದಲ್ಲೂ ಚಿರತೆ ಕಾಣಿಸಿ ಉದ್ಯೋಗಿಗಳು ಮನೆಯಿಂದ ಕೆಲಸ ಮಾಡಬೇಕಾಯ್ತು. ಕಬ್ಬಿನ ಗದ್ದೆ ಪಕ್ಕದ ನಾಲೆ ಏರಿಗೆ ಬೆಳಕು ಹರಿಯೋ ಮುಂಚೆ ಒಬ್ಬರೇ ಹೋಗಬೇಡಿ. ಎದುರಾದರೆ ಬೆನ್ನು ತಿರುಗಿಸಿ ಓಡಬಾರದು, ಬಗ್ಗಬಾರದು, ಕೂರಬಾರದು. ಕೈ ಮೇಲೆತ್ತಿ, ಜೋರು ಸದ್ದು ಮಾಡುತ್ತಾ ಹಿಂದಕ್ಕೆ ಹೆಜ್ಜೆ ಹಾಕಿ. ಅರಣ್ಯ ಇಲಾಖೆ ಸಹಾಯವಾಣಿ 1926.

ಅಂಗಡಿಯವರು ಮಾಡಬಹುದಾದ್ದು

ಒಂದೇ ಸಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಸಿಸಿ ಕ್ಯಾಮೆರಾ ಇಡಬೇಕು, 30 ದಿನದ ದೃಶ್ಯ ಉಳಿಸಬೇಕು ಎಂದು 2017ರ ರಾಜ್ಯ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತೆ. ಸಣ್ಣ ಅಂಗಡಿಗೆ ಈ ಕಡ್ಡಾಯ ಇಲ್ಲ, ಆದರೂ ಎಷ್ಟೋ ಅಂಗಡಿಯಲ್ಲಿ ಕ್ಯಾಮೆರಾ ಇದೆ. ಒಂದು ಕ್ಯಾಮೆರಾ ರಸ್ತೆ ಕಡೆಗೂ ಮುಖ ಮಾಡಿರಲಿ. ಡಿವಿಆರ್ ಗಡಿಯಾರ ಸರಿ ಇದೆಯಾ ನೋಡಿ. ಹತ್ತು ನಿಮಿಷ ಹಿಂದೆ ಮುಂದೆ ಇದ್ದರೂ ಪೊಲೀಸರಿಗೆ ಬೈಕ್ ಹೋದ ದಾರಿ ಜೋಡಿಸೋಕೆ ತೊಂದರೆ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೇ ದೃಶ್ಯ ಅಳಿಸಿಹೋಗುತ್ತೆ, ಆದ್ದರಿಂದ ಕಳಕೊಂಡವರು ಒಂದೆರಡು ದಿನದೊಳಗೇ ಬಂದು ಕೇಳಬೇಕು. ಪೆನ್‌ಡ್ರೈವ್‌ನಲ್ಲಿ ಕೊಡುವಾಗ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಮಾಣಪತ್ರಕ್ಕೆ ಸಹಿ ಕೇಳುತ್ತಾರೆ, ಗಾಬರಿ ಬೇಡ.

ಇನ್ನು ಬೀದಿದೀಪ. ಕೆಟ್ಟ ದೀಪದ ದೂರು ಪಟ್ಟಣದಲ್ಲಿ ನಗರಸಭೆ ಇಲ್ಲವೇ ಪುರಸಭೆಗೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಗೆ. ತಂತಿ ಜೋತುಬಿದ್ದಿದ್ದರೆ ಸೆಸ್ಕ್‌ನ 1912ಕ್ಕೆ. "ಕೆರೆ ರಸ್ತೆಯಲ್ಲಿ ಲೈಟಿಲ್ಲ" ಅಂತ ಬರೆದರೆ ಅರ್ಜಿ ಫೈಲಿನಲ್ಲೇ ಕೂರುತ್ತೆ. ಕಂಬದ ನಂಬರ್, ಫೋಟೊ, ತಾರೀಖು ಹಾಕಿ, ಅಕ್ಕಪಕ್ಕದ ಹತ್ತು ಅಂಗಡಿಯವರ ಸಹಿ ಮಾಡಿಸಿ, ಸ್ವೀಕೃತಿ ಪಡೆದುಕೊಳ್ಳಿ.